ಡಬ್ಬಿ ಆಂಟಿವೈರಸ್ ಬಿಟ್ಟು ಡಿಫೆಂಡರ್‌ನಲ್ಲೇ ಮನೆ ಪಿಸಿ ನಡೆಸಿದ ಲೆಕ್ಕ

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್ಸೇ ಮನೆ ಪಿಸಿಗೆ ಸಾಕು, ದುಡ್ಡು ಕೊಟ್ಟು ಕೊಳ್ಳೋ ಡಬ್ಬಿ ಬೇಡ ಅಂತ ನಾನಂದಾಗ, ಬಿಟ್ಟಿ ಸಿಕ್ಕಿದ್ದಕ್ಕೆ ಗ್ಯಾರಂಟಿ ಏನ್ರೀ ಅಂತ ಗಿರಾಕಿಗಳೂ ಕೇಳಿದ್ರು, ಸರ್ವಿಸ್ ಮಾಡೋ ಸ್ನೇಹಿತರೂ ಕೇಳಿದ್ರು. ಎರಡೂವರೆ ವರ್ಷ ಆಯ್ತು, ಅರವತ್ತರ ಆಸುಪಾಸು ಪಿಸಿಗಳು ಹಾಗೇ ನಡೀತಿವೆ. ವೈರಸ್ ಅಂತ ವಾಪಸ್ ಬಂದದ್ದು ನಾಲ್ಕು. ಅದರಲ್ಲಿ ಮೂರು ವೈರಸ್ಸೇ ಅಲ್ಲ.

ಮೊದಲು ದುಡ್ಡು. ಒಂದು ಪಿಸಿಗೆ ಒಂದು ವರ್ಷದ ಆಂಟಿವೈರಸ್ ಕೀ (ಲೈಸೆನ್ಸ್ ಸಂಖ್ಯೆ) ಆನ್‌ಲೈನ್‌ನಲ್ಲಿ ಮುನ್ನೂರರಿಂದ ಏಳ್ನೂರರ ಒಳಗೆ ಸಿಗುತ್ತೆ. ಡಬ್ಬಿ ಮೇಲಿನ ಎಂಆರ್‌ಪಿ ಯಾರೂ ಕೊಡಲ್ಲ ಅನ್ನೋದು ನಮಗೆಲ್ಲ ಗೊತ್ತಿರೋದೇ. ಕೈ ಸುಡೋದು ಎರಡನೇ ವರ್ಷ. ಕಾರ್ಡ್ ಕೊಟ್ಟು ಕೊಂಡಿದ್ದರೆ ಸಾಮಾನ್ಯವಾಗಿ ಆಟೋ ರಿನ್ಯೂವಲ್ ಆನ್ ಆಗಿಯೇ ಇರುತ್ತೆ, ರಿಯಾಯಿತಿ ಮಾತ್ರ ಮೊದಲ ವರ್ಷಕ್ಕೇ ಮುಗಿದಿರುತ್ತೆ. 15,000 ರೂಪಾಯಿ ಒಳಗಿನ ಇಂಥ ಕಡಿತಕ್ಕೆ ಪ್ರತಿ ಸಲ ಓಟಿಪಿ ಕೇಳಲ್ಲ. 24 ಗಂಟೆ ಮುಂಚೆ ಬ್ಯಾಂಕಿನ ಮೆಸೇಜ್ ಬರುತ್ತೆ, ಅದನ್ನ ಓದೋರು ಯಾರು? ಬೇರೆ ಫ್ರೀ ಆಂಟಿವೈರಸ್ ಹಾಕೋಣ ಅಂದರೆ ಅದರ ಬೆಲೆ ಬೇರೆ ಥರ. ಗ್ರಾಹಕರ ಬ್ರೌಸಿಂಗ್ ಮಾಹಿತಿ ಮಾರಿದ್ದಕ್ಕೆ ಅವಾಸ್ಟ್ ಕಂಪನಿ 2024ರಲ್ಲಿ ಅಮೆರಿಕದಲ್ಲಿ 1.65 ಕೋಟಿ ಡಾಲರ್ ಕಟ್ಟಬೇಕಾಯ್ತು.

ನಾನು ಮೊದಲು ಎಡವಿದ್ದು ಹಳೆ ಆಂಟಿವೈರಸ್ ತೆಗೆಯೋದರಲ್ಲಿ. ಕಂಟ್ರೋಲ್ ಪ್ಯಾನೆಲ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿದ್ರೂ ಡ್ರೈವರ್ ಕೆಲವೊಮ್ಮೆ ಒಳಗೇ ಕೂತಿರುತ್ತೆ, ಆಗ ಡಿಫೆಂಡರ್ ಏಳೋದೇ ಇಲ್ಲ. ಆ ಕಂಪನಿಯದೇ ರಿಮೂವಲ್ ಟೂಲ್ ತಂದು ಸೇಫ್ ಮೋಡ್‌ನಲ್ಲಿ ಓಡಿಸಬೇಕು. ಅದಾದ ಮೇಲೂ ಏಳದಿದ್ದರೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನ ಇಡೋ ಜಾಗ) ನೋಡಿ. ಲೋಕಲ್ ಮಷೀನ್‌ನ ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್ ಡಿಫೆಂಡರ್ ಕೆಳಗೆ ಡಿಸೇಬಲ್‌ಆಂಟಿಸ್ಪೈವೇರ್ ಅಂತ ಒಂದು ವ್ಯಾಲ್ಯೂ ಇರಬಹುದು. ಕ್ರ್ಯಾಕ್‌ಗಳು, ಸ್ಪೀಡ್ ಮಾಡ್ತೀವಿ ಅನ್ನೋ ಟೂಲ್‌ಗಳು ಬಿಟ್ಟುಹೋದ ಗುರುತು ಅದು. ಅಳಿಸಿ, ರೀಸ್ಟಾರ್ಟ್ ಮಾಡಿ. ವಿಂಡೋಸ್ ಸೆಕ್ಯುರಿಟಿ ತೋರಿಸೋ ಹಸಿರು ಟಿಕ್ ನಂಬಬೇಡಿ. ಪವರ್‌ಶೆಲ್‌ನಲ್ಲಿ ಗೆಟ್-ಎಂಪಿಕಂಪ್ಯೂಟರ್‌ಸ್ಟೇಟಸ್ ಹೊಡೆದು, ರನ್ನಿಂಗ್ ಮೋಡ್ ನಾರ್ಮಲ್, ರಿಯಲ್‌ಟೈಮ್ (ಸದಾ ಕಾಯೋ ಕಾವಲು) ಟ್ರೂ ಅಂತ ಬಂದರೆ ಮಾತ್ರ ಪಿಸಿ ವಾಪಸ್ ಕೊಡಿ.

ಎರಡನೇ ಪೆಟ್ಟು ಸ್ಪೀಡಿನದು. ನಾಲ್ಕು ಜಿಬಿ ರ‍್ಯಾಮ್, ಹಳೆ ಹಾರ್ಡ್ ಡಿಸ್ಕ್ ಇರೋ ಪಿಸಿಯಲ್ಲಿ ಸ್ಕ್ಯಾನ್ ಶುರುವಾದ್ರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ನೂರಕ್ಕೆ ನೂರು. ಸ್ಕ್ಯಾನಿನ ಸಿಪಿಯು ಮಿತಿ 50 ಇರುತ್ತಲ್ಲ, ಅದನ್ನ 20ಕ್ಕೆ ಇಳಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ಅದು ಪ್ರೊಸೆಸರ್‌ಗೆ ಕಡಿವಾಣ, ಡಿಸ್ಕ್‌ಗಲ್ಲ. ಆಮೇಲೆ ಡೌನ್‌ಲೋಡ್ಸ್ ಫೋಲ್ಡರನ್ನೇ ಎಕ್ಸ್‌ಕ್ಲೂಷನ್‌ಗೆ (ಸ್ಕ್ಯಾನ್ ಮಾಡಬೇಡ ಅನ್ನೋ ಪಟ್ಟಿಗೆ) ಹಾಕಿದ್ದು ಇನ್ನೂ ದಡ್ಡತನ. ಕಳ್ಳ ಬರೋ ಬಾಗಿಲಿಗೇ ಕಾವಲು ತೆಗೆದ ಹಾಗಾಯ್ತು. ಕೊನೆಗೆ ಕೆಲಸ ಮಾಡಿದ್ದು 240 ಜಿಬಿ ಎಸ್‌ಎಸ್‌ಡಿ. ಆಗ ಸಾವಿರದ ಐನೂರರ ಹತ್ತಿರ ಇತ್ತು, ಅಂದರೆ ಮೂರು ವರ್ಷದ ಕೀ ದುಡ್ಡು.

ಬದಲಿಸೋ ಸೆಟ್ಟಿಂಗ್ ಹೆಚ್ಚಿಲ್ಲ. ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗಿನ ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್‌ಗೆ ಹೋಗಿ ಬೇಡದ ಆ್ಯಪ್ ತಡೆಯೋ ಎರಡೂ ಟಿಕ್ ಹಾಕ್ತೀನಿ. ಬೇರೆ ತಂತ್ರಾಂಶಗಳು ಡಿಫೆಂಡರ್ ಆಫ್ ಮಾಡದಂತೆ ತಡೆಯೋ ಟ್ಯಾಂಪರ್ ಪ್ರೊಟೆಕ್ಷನ್ ಆನ್. ರೌಟರ್‌ನ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡೋದು) ವೈರಸ್ ಸೈಟ್ ತಡೆಯೋ ಕ್ಲೌಡ್‌ಫ್ಲೇರ್‌ನ 1.1.1.2 ಮತ್ತು 1.0.0.2, ರೌಟರ್ ಲಾಕ್ ಆಗಿದ್ದರೆ ಪಿಸಿಯ ಅಡಾಪ್ಟರ್‌ನಲ್ಲೇ ಹಾಕಿ. ಮುಖ್ಯವಾದದ್ದು ದಿನದ ಬಳಕೆಗೆ ಅಡ್ಮಿನ್ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಅಕೌಂಟ್, ಅಡ್ಮಿನ್ ಪಾಸ್‌ವರ್ಡ್ ಮನೆಯ ಹಿರಿಯರ ಹತ್ತಿರ. ಇಷ್ಟನ್ನೂ ಎಂಟು ನಿಮಿಷಕ್ಕೆ ಮುಗಿಸೋ ಸ್ಕ್ರಿಪ್ಟ್ ಒಂದಿದೆ, ಅದನ್ನ ಇಲ್ಲಿ ಹಾಕಲ್ಲ. ಹೊಟ್ಟೆಪಾಡು.

ಡಿಫೆಂಡರ್‌ನ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ (ಪರಿಚಯ ಇಲ್ಲದ ತಂತ್ರಾಂಶ ನಿಮ್ಮ ಫೋಲ್ಡರ್‌ಗಳಲ್ಲಿ ಬರೆಯದಂತೆ ತಡೆಯೋದು) ಬಗ್ಗೆ ಎಚ್ಚರ. ರ‍್ಯಾನ್ಸಮ್‌ವೇರ್‌ಗೆ (ಫೈಲ್‌ಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಒಳ್ಳೆ ಬೇಲಿ, ಆದರೆ ಹಳೆ ನುಡಿ, ಬರಹದಂಥ ತಂತ್ರಾಂಶಗಳನ್ನೂ ಡಾಕ್ಯುಮೆಂಟ್ಸ್‌ಗೆ ಬರೆಯೋಕೆ ಬಿಡದೇ ಹೋಗಬಹುದು. ಸೇವ್ ಒತ್ತಿದರೆ ಫೈಲ್ ಸಿಗಲಿಲ್ಲ ಅನ್ನೋ ತಲೆಬುಡ ಇಲ್ಲದ ಎರರ್ ಬರುತ್ತೆ, ತಡೆದದ್ದು ಡಿಫೆಂಡರ್ ಅಂತ ಗೊತ್ತೇ ಆಗಲ್ಲ. ಪ್ರೊಟೆಕ್ಷನ್ ಹಿಸ್ಟರಿ ತೆಗೆದು ಆ ತಂತ್ರಾಂಶಕ್ಕೆ ಅಲೋ ಕೊಡಿ.

ಪೆನ್‌ಡ್ರೈವ್ ಇನ್ನೊಂದು ಕಥೆ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ ಶಾರ್ಟ್‌ಕಟ್ ವೈರಸ್ ಈಗಲೂ ಸಿಗುತ್ತೆ, ಅದು ನಿಜವಾದ ಫೈಲ್‌ಗಳನ್ನ ಬಚ್ಚಿಟ್ಟು ಬರೀ ಶಾರ್ಟ್‌ಕಟ್ ತೋರಿಸುತ್ತೆ. ಡಿಫೆಂಡರ್ ಶಾರ್ಟ್‌ಕಟ್ಟನ್ನೂ ಸ್ಕ್ರಿಪ್ಟನ್ನೂ ಅಳಿಸುತ್ತೆ, ಬಚ್ಚಿಟ್ಟ ಫೈಲ್‌ಗಳನ್ನ ಮಾತ್ರ ಹೊರಗೆ ತರಲ್ಲ. ಗಿರಾಕಿ ಡೇಟಾ ಎಲ್ಲ ಹೋಯ್ತು ಅಂತಾರೆ. ಪ್ರಾಪರ್ಟೀಸ್‌ನಲ್ಲಿ ತುಂಬಿದ ಜಾಗ ನೋಡಿ: ಆರು ಜಿಬಿ ತುಂಬಿದೆ ಅಂದರೆ ಫೈಲ್ ಅಲ್ಲೇ ಇದೆ. ಅಟ್ರಿಬ್ ಕಮಾಂಡ್‌ನಲ್ಲಿ ಎಚ್, ಎಸ್, ಆರ್ (ಬಚ್ಚಿಟ್ಟ, ಸಿಸ್ಟಂ, ಓದಲು ಮಾತ್ರ ಅನ್ನೋ ಗುರುತುಗಳು) ಮೂರನ್ನೂ ಮೈನಸ್ ಮಾಡಿ, ಕೊನೆಗೆ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಕೊಡಿ. ಕೆಲವು ತಳಿಗಳು ಹೆಸರೇ ಇಲ್ಲದ, ಬರೀ ಖಾಲಿ ಅಕ್ಷರದ ಫೋಲ್ಡರ್ ಒಳಗೆ ಎಲ್ಲವನ್ನೂ ತುರುಕಿರುತ್ತವೆ, ಅದೂ ಆಗ ಕಾಣುತ್ತೆ. ಡ್ರೈವ್ ಅಕ್ಷರ ಎರಡು ಸಲ ನೋಡಿ. ಅಪ್ಪಿತಪ್ಪಿ ಸಿ ಡ್ರೈವ್ ಮೇಲೆ ಹೊಡೆದರೆ ವಿಂಡೋಸ್ ಮುಚ್ಚಿಟ್ಟ ಫೈಲ್‌ಗಳೆಲ್ಲ ಡೆಸ್ಕ್‌ಟಾಪ್ ತನಕ ಎದ್ದು ಬರ್ತವೆ.

ವಾಪಸ್ ಬಂದ ನಾಲ್ಕರಲ್ಲಿ ಮೂರು ಪಿಸಿಗಳದ್ದು ಒಂದೇ ದೂರು: ಬಲಗಡೆ ಮೂಲೆಯಲ್ಲಿ ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ಐದು ವೈರಸ್ ಸಿಕ್ಕಿವೆ ಅನ್ನೋ ಪಾಪ್‌ಅಪ್. ಅದು ಕ್ರೋಮ್ ನೋಟಿಫಿಕೇಷನ್, ಯಾವುದೋ ಸಿನಿಮಾ ಸೈಟಿಗೆ ಅಲೋ ಒತ್ತಿದ ಫಲ. ಸೈಟ್ ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ಸ್‌ನಲ್ಲಿ ಆ ಸೈಟ್ ತೆಗೆದರೆ ಮುಗೀತು, ಎರಡು ನಿಮಿಷದ ಕೆಲಸ. ಎಷ್ಟು ಡಬ್ಬಿ ಮಾರಾಟ ಆಗಿವೆಯೋ ಈ ಪಾಪ್‌ಅಪ್ ಹೆಸರಲ್ಲಿ!

ನಾಲ್ಕನೆಯದು ನಿಜವಾದದ್ದೇ. ಗೇಮ್ ಕ್ರ್ಯಾಕ್ ಹಾಕೋಕೆ ರಿಯಲ್‌ಟೈಮ್ ಆಫ್ ಮಾಡಿ ಅಂತ ವಿಡಿಯೋದಲ್ಲಿ ಹೇಳಿದ್ದನ್ನ ಹುಡುಗ ಹಾಗೇ ಮಾಡಿದ್ದ. ಅಡ್ಮಿನ್ ಆಗಿ ಕೂತವರು ಕೈಯಾರೆ ಆಫ್ ಮಾಡಿದರೆ ಟ್ಯಾಂಪರ್ ಪ್ರೊಟೆಕ್ಷನ್ ತಡೆಯಲ್ಲ. ಆ ಮನೆಯಲ್ಲಿ ಸ್ಟ್ಯಾಂಡರ್ಡ್ ಅಕೌಂಟ್ ಬೇಡ ಅಂದಿದ್ರು. ಆ ಕ್ರ್ಯಾಕ್‌ನ ಝಿಪ್‌ಗೆ ಪಾಸ್‌ವರ್ಡ್ ಇತ್ತು. ಒಳಗಿರೋದು ಸ್ಕ್ಯಾನರ್‌ಗೆ ಕಾಣಬಾರದು ಅಂತಲೇ ಹಾಗೆ ಹಾಕಿರ್ತಾರೆ. ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕಾಲು ಗಂಟೆ, ಆಮೇಲೆ ಫಾರ್ಮ್ಯಾಟ್, ಬೇರೆ ಫೋನಿನಿಂದ ಎಲ್ಲ ಪಾಸ್‌ವರ್ಡ್ ಬದಲು.

ವಿಂಡೋಸ್ 10 ಇರೋರಿಗೆ ಬೇರೆ ಮಾತು. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗೀತು. ಡಿಫೆಂಡರ್ ಡೆಫಿನಿಷನ್ (ಹೊಸ ವೈರಸ್ ಗುರುತಿಸೋ ಮಾಹಿತಿ) 2028ರ ಅಕ್ಟೋಬರ್ ತನಕ ಕೊಡ್ತೀವಿ ಅಂತ ಮೈಕ್ರೋಸಾಫ್ಟ್ ಹೇಳಿದೆ, ಆದರೆ ಅದರಿಂದ ವಿಂಡೋಸ್‌ನ ತೂತು ಮುಚ್ಚಲ್ಲ, ದುಡ್ಡು ಕೊಟ್ಟ ಆಂಟಿವೈರಸ್‌ನಿಂದಲೂ ಮುಚ್ಚಲ್ಲ. ವಿಂಡೋಸ್ 11 ಹತ್ತದ ಎರಡು ಹಳೆ ಪಿಸಿಗೆ ಲಿನಕ್ಸ್ ಮಿಂಟ್ ಅನ್ನೋ ಬಿಟ್ಟಿ ಆಪರೇಟಿಂಗ್ ಸಿಸ್ಟಂ ಹಾಕಿ ನೋಡ್ತಿದ್ದೀನಿ. ಬ್ರೌಸರ್‌ಗೆ ತೊಂದರೆ ಇಲ್ಲ, ಪ್ರಿಂಟರ್ ಒಂದು ಇನ್ನೂ ಮೊಂಡು ಹಿಡಿದಿದೆ.