ಅಕ್ಷರ ಸರಿಯಿಲ್ಲ ಅಂತ ಬೈಯುವ ಮೊದಲು ಹಾಳೆ ತಿರುಗಿಸಿ ನೋಡಿ

ಮಗುವಿನ ನೋಟ್‌ಬುಕ್ ತೆಗೆದುಕೊಳ್ಳಿ. ಬರೆದ ಹಾಳೆಯ ಹಿಂಬದಿಗೆ ಬೆರಳು ಆಡಿಸಿ. ಅಕ್ಷರಗಳು ಉಬ್ಬಿ ಕೈಗೆ ಸಿಗುತ್ತವಾ? ಕೆಳಗಿನ ಎರಡು ಮೂರು ಹಾಳೆಗೂ ಅಚ್ಚು ಬಿದ್ದಿದೆಯಾ? ಹಾಗಿದ್ದರೆ ತಾನು ಎಷ್ಟು ಒತ್ತುತ್ತಿದ್ದೇನೆ ಅನ್ನೋದೇ ಮಗುವಿಗೆ ಗೊತ್ತಾಗದೆ ಇರಬಹುದು.

ಕೈ ಎಲ್ಲಿದೆ, ಎಷ್ಟು ಬಲ ಬೀಳ್ತಿದೆ ಅನ್ನೋದನ್ನ ಸ್ನಾಯು ಮತ್ತು ಕೀಲುಗಳು ಸದಾ ಮಿದುಳಿಗೆ ತಿಳಿಸುತ್ತಾ ಇರುತ್ತವೆ. ಕೆಲವು ಮಕ್ಕಳಲ್ಲಿ ಈ ಸುದ್ದಿ ಮಂಕಾಗಿ ತಲುಪುತ್ತದೆ. ಜಾಸ್ತಿ ಒತ್ತಿದರೆ ಮಾತ್ರ ಪೆನ್ಸಿಲ್ ಹಿಡಿದ ಹಾಗೆ ಅನಿಸುತ್ತದೆ. ಮೊನೆ ಮುರಿಯುತ್ತದೆ, ಹಾಳೆ ಹರಿಯುತ್ತದೆ, ಅರ್ಧ ಪುಟಕ್ಕೇ "ಆಯೀ, ಕೈ ನೋಯ್ತು" ಅಂತ ರಾಗ ಶುರು. ಇದರ ಉಲ್ಟಾನೂ ಇದೆ, ಬರೆದದ್ದು ಕಾಣದಷ್ಟು ತೆಳುವಾಗಿ ಬರೆಯುವ ಮಕ್ಕಳು.

ಈಗ ಬರೆಯುವಾಗ ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಮಾತಾಡಬೇಡಿ. ತಲೆ ಮೇಜಿಗೆ ತಾಗುವಷ್ಟು ಬಾಗುತ್ತದಾ? ಇನ್ನೊಂದು ಕೈ ಪುಸ್ತಕ ಹಿಡಿಯದೆ ಜೋತು ಬಿದ್ದಿದೆಯಾ? ಕನ್ನಡದಲ್ಲಿ ಇನ್ನೊಂದು ಪೇಚಿದೆ. ಅಕ್ಷರ ಎಲ್ಲ ಗುಂಡಗೆ, ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು. 'ಅಕ್ಕ' ಬರೆದರೆ ಕ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ, ಒಂದೇ ಪದದಲ್ಲಿ ಒಂದು ಅಕ್ಷರ ದೊಡ್ಡದು, ಇನ್ನೊಂದು ಸಾಸಿವೆಯಷ್ಟು. ಒಂದನೇ ಎರಡನೇ ಕ್ಲಾಸಲ್ಲಿ ಇದು ಮಾಮೂಲು, ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕನೇ ಕ್ಲಾಸಿಗೂ ಹಾಗೇ ಇದ್ದು, ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುವ ಮಗು ಬರೆಯುವಾಗ ಎರಡು ಸಾಲಿಗೆ ನಿಲ್ಲಿಸಿದರೆ, ಅದು ಸೋಮಾರಿತನ ಅಲ್ಲ.

ಪುಸ್ತಕ ಮುಚ್ಚಿಟ್ಟು ಮೈಯನ್ನೂ ನೋಡಬೇಕು. ಶಿರಸಿ ಕಡೆಯವರಾದರೆ ತೋಟಕ್ಕೆ ಹೋಗುವಾಗ ಗಮನಿಸಿ: ಓರಗೆಯ ಮಕ್ಕಳು ಓಡಿ ದಾಟುವ ಸಂಕದ (ಹಳ್ಳ ದಾಟುವ ಸಣ್ಣ ಕಾಲುಸೇತುವೆ) ಮೇಲೆ ಇವನು ಮಾತ್ರ ಕೂತು ಜಾರಿಕೊಂಡು ಬರ್ತಾನಾ? ಕಾರವಾರದ ಕಡಲತೀರದಲ್ಲಿ ಬರಿಗಾಲಲ್ಲಿ ಮರಳು ತುಳಿಯೋಕೆ ಒಪ್ಪಲ್ವಾ? ಹಲಸಿನ ಹಣ್ಣಿನ ಅಂಟು, ಅಂಗಿಯ ಲೇಬಲ್, ಉಗುರು ಕತ್ತರಿಸೋದು ಅಂದರೆ ರಂಪಾನಾ? ಯಕ್ಷಗಾನದ ಆಟದಲ್ಲಿ ಚಂಡೆ ಶುರುವಾದ ಕೂಡಲೇ ಕಿವಿ ಮುಚ್ಚಿ ಹೊರಗೆ ಓಡ್ತಾನಾ? ಗುಂಡಿ ಹಾಕಿಕೊಳ್ಳೋದು, ಶೂ ದಾರ ಕಟ್ಟೋದು, ಸೈಕಲ್ ಕಲಿಯೋದು ತುಂಬಾ ತಡವಾ? ಒಂದೆರಡಕ್ಕೆ ಹೌದು ಅಂದರೆ ಏನೂ ಅಲ್ಲ. ಸುಮಾರು ಹೌದುಗಳು ಸೇರಿ, ದಿನದ ಕೆಲಸಕ್ಕೇ ತೊಂದರೆ ಆಗ್ತಿದ್ದರೆ ಬರೆದಿಟ್ಟುಕೊಳ್ಳಿ.

ಸಣ್ಣ ಪರೀಕ್ಷೆ ಒಂದಿದೆ, ಮಕ್ಕಳಿಗೂ ಖುಷಿ. ಬಟ್ಟೆ ಚೀಲದಲ್ಲಿ ಅಡಿಕೆ, ಹುಣಸೆ ಬೀಜ, ಒಂದು ರೂಪಾಯಿ ನಾಣ್ಯ ಹಾಕಿ. ನೋಡದೆ ಕೈ ಹಾಕಿ ನಾಣ್ಯ ತೆಗೆ ಅನ್ನಿ. ಆರೇಳು ವರ್ಷದ ಮಗು ಪ್ರತಿ ಸಲವೂ ಎಡವಿದರೆ ಬೆರಳಿನ ಸ್ಪರ್ಶದ ಅರಿವು ಮಂದ ಇರಬಹುದು. ಇದೇ ಕಾಯಿಲೆ ಅಂತ ನೀವೇ ಹೆಸರಿಡಬೇಡಿ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ, ಕೆಲವು ಸಲ ಕನ್ನಡಕದಲ್ಲೇ ಮುಗಿಯುತ್ತದೆ. ಎಡಗೈಯಲ್ಲಿ ಬರೆಯೋದು ದೋಷ ಅಲ್ಲ. ಆದರೆ ಮೊದಲು ಚೆನ್ನಾಗಿ ಬರೆಯುತ್ತಿದ್ದ, ನಡೆಯುತ್ತಿದ್ದ ಮಗು ಈಗ ಎಡವುತ್ತಿದ್ದರೆ ಕಾಯಬೇಡಿ, ಕೂಡಲೇ ಡಾಕ್ಟರ್ ಹತ್ತಿರ ಹೋಗಿ.

ಚಲನೆಯ ಹೊಂದಾಣಿಕೆಯ ಈ ತೊಂದರೆಗೆ ವೈದ್ಯರು ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್) ಅನ್ನುತ್ತಾರೆ. ಡಿಸ್‌ಪ್ರಾಕ್ಸಿಯಾ ಅನ್ನೋ ಹೆಸರೂ ಬಳಕೆಯಲ್ಲಿದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ. 5ರಿಂದ 6ರಷ್ಟು ಮಂದಿಗೆ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಪ್ರತಿ ಕ್ಲಾಸಲ್ಲಿ ಒಬ್ಬಿಬ್ಬರು. ಐದು ವರ್ಷದೊಳಗೆ ಸಾಮಾನ್ಯವಾಗಿ ಖಚಿತವಾಗಿ ಹೇಳುವುದಿಲ್ಲ. ಇಂದ್ರಿಯಗಳ ಸುದ್ದಿಯನ್ನು ಮಿದುಳು ಜೋಡಿಸಿಕೊಳ್ಳುವ ಬಗ್ಗೆ, ಅಂದರೆ 'ಸೆನ್ಸರಿ ಇಂಟಿಗ್ರೇಷನ್' ಬಗ್ಗೆ, ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ಮಾಡಿಕೊಳ್ಳೋಕೆ ತರಬೇತಿ ಕೊಡುವವರು) ಜೀನ್ ಏರ್ಸ್ 1970ರ ದಶಕದಲ್ಲೇ ಬರೆದಿದ್ದರು. ಆದರೆ ಅದರ ತೊಂದರೆ ಅನ್ನೋದು ಬೇರೆಯದೇ ಕಾಯಿಲೆಯಾಗಿ 2013ರ ಡಿಎಸ್‌ಎಂ-5ರಲ್ಲಿ (ಅಮೆರಿಕದ ಮನೋವೈದ್ಯರ ಸಂಘದ ಕಾಯಿಲೆಗಳ ಪಟ್ಟಿ) ಇಲ್ಲ. ಹಾಗಾಗಿ ಬರೀ ಆ ಹೆಸರು ಹೇಳಿ ದುಬಾರಿ ಪ್ಯಾಕೇಜ್ ಮಾರುವವರ ಹತ್ತಿರ ಎರಡು ಪ್ರಶ್ನೆ ಜಾಸ್ತಿ ಕೇಳಿ.

ಮನೆಯಲ್ಲಿ ಏನು ಮಾಡಬಹುದು? ಚಪಾತಿ ಹಿಟ್ಟು ನಾದಿಸಿ, ಬಾವಿಯ ನೀರು ಸೇದುವಾಗ ಹಗ್ಗಕ್ಕೆ ಅವನ ಕೈಯನ್ನೂ ಸೇರಿಸಿ (ನೀವು ಜೊತೆಗಿದ್ದು). ಕಾಲು ನೆಲಕ್ಕೆ ತಾಗುವ ಕುರ್ಚಿ, ದಪ್ಪ ಪೆನ್ಸಿಲ್, ಅಗಲ ಗೆರೆಯ ಪುಸ್ತಕ ಕೊಡಿ. ಆದರೆ ಯಾವುದು ಕಲಿಯಬೇಕೋ ಅದನ್ನೇ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸೋದು ಮುಖ್ಯ. ಗುಂಡಿ ಬೇಕಾದರೆ ಗುಂಡಿ, ಅಕ್ಷರ ಬೇಕಾದರೆ ಅಕ್ಷರ. "ಹತ್ತು ಸಲ ಬರಿ" ಅನ್ನೋ ಶಿಕ್ಷೆ ಮಾತ್ರ ಬೇಡವೇ ಬೇಡ, ನೋಯುವ ಕೈಗೆ ಇನ್ನಷ್ಟು ನೋವು ಅಷ್ಟೇ.

ಸರ್ಕಾರಿ ಶಾಲೆ, ಅಂಗನವಾಡಿಗೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ತಪಾಸಣೆಗೆ ಬರುತ್ತದೆ, ಆಗ ಬರೆದಿಟ್ಟ ಪಟ್ಟಿ ತೋರಿಸಿ. ಇಲ್ಲವಾದರೆ ಕಾರವಾರದ ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಿ. ಶಿರಸಿಯವರಿಗೆ ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಬೆಂಗಳೂರಿಗಿಂತ ಹತ್ತಿರ. ಆಕ್ಯುಪೇಷನಲ್ ಥೆರಪಿಸ್ಟ್ ಎಲ್ಲಿ ಸಿಗ್ತಾರೆ ಅಂತ ಅಲ್ಲೇ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯ ಕೆಳಗೆ ಡಿಸ್‌ಗ್ರಾಫಿಯಾ (ಬರವಣಿಗೆಯ ತೊಂದರೆ), ಡಿಸ್‌ಪ್ರಾಕ್ಸಿಯಾ ಎರಡೂ ಬರುತ್ತವೆ. ಪ್ರಮಾಣಪತ್ರ ಸಿಕ್ಕರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಎಂಟನೇ ಕ್ಲಾಸಲ್ಲೇ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ, ಹತ್ತನೇ ಕ್ಲಾಸಿನ ಫೆಬ್ರವರಿಯಲ್ಲಿ ಓಡಾಡಿದರೆ ಕಾಗದಪತ್ರದ ಕೆಲಸ ಮುಗಿಯೋದಿಲ್ಲ.