ಪ್ರಶ್ನೆಯಿಂದ ವರದಿವರೆಗೆ: ಅವಕಾಶವಂಚಿತ ವಿದ್ಯಾರ್ಥಿಗಳನ್ನು ಸಮಾಜ ವಿಜ್ಞಾನ ಸಂಶೋಧನೆಗೆ ಅಣಿಗೊಳಿಸುವುದು ಹೇಗೆ?

ಎರಡು ದಿನದ ಕಾರ್ಯಾಗಾರ, ಕೊನೆಗೊಂದು ಪ್ರಮಾಣಪತ್ರ, ಗುಂಪು ಫೋಟೊ. ಇಷ್ಟರಿಂದ ಯಾರೂ ಸಂಶೋಧಕರಾಗುವುದಿಲ್ಲ. ಮನೆಯಲ್ಲಿ ಮೊದಲಿಗರಾಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಿಗೆ, ದುಡಿಯುತ್ತಲೇ ಓದುವವರಿಗೆ ಅಡ್ಡಿಯಾಗುವುದು ಹಣ, ಸಮಯ ಮತ್ತು ಈ ಕ್ಷೇತ್ರದಲ್ಲಿ ಯಾರೂ ಬಿಡಿಸಿ ಹೇಳದ ರೀತಿ ರಿವಾಜು. ಹಾಗಾಗಿ ಅವರ ಕೈಗೆ ಒಂದು ಚಿಕ್ಕ ಅಧ್ಯಯನ ಕೊಟ್ಟು, ಸಂಬಳವನ್ನೂ ಕೊಟ್ಟು, ಅದನ್ನು ಪೂರ್ತಿ ಮಾಡಿಸಬೇಕು. 8ರಿಂದ 10 ವಿದ್ಯಾರ್ಥಿಗಳು, ವಾರಕ್ಕೆ 8 ಗಂಟೆ, 30 ವಾರ: ಒಂದು ವಿಭಾಗ ನಿಭಾಯಿಸಬಹುದಾದ ಅಳತೆ ಇದು.

ಮೊದಲು ಹಣದ ಮಾತು

ವಿದ್ಯಾರ್ಥಿಯ ಈಗಿನ ಅರೆಕಾಲಿಕ ಕೆಲಸದ ಗಂಟೆಗೂಲಿಗಿಂತ ಸ್ಟೈಪೆಂಡ್ ಕಡಿಮೆಯಿದ್ದರೆ, ಆತ ಆರನೇ ವಾರಕ್ಕೆ ಬಿಟ್ಟು ಹೋಗುತ್ತಾನೆ. ಆಗ 'ಆಸಕ್ತಿ ಇಲ್ಲ' ಎಂದು ಷರಾ ಬರೆಯುವುದು ಸುಲಭ. ಹಣ ತಿಂಗಳ ನಿಗದಿತ ದಿನಕ್ಕೆ ಕೈಸೇರಬೇಕು. ಪ್ರಯಾಣದ ಖರ್ಚು ಮುಂಗಡವಾಗಿಯೇ ಹೋಗಲಿ. 'ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ ಕೊಡಿ' ಎಂಬ ಪದ್ಧತಿ ಜೇಬಿನಲ್ಲಿ ಹಣವಿದ್ದವರಿಗೆ ಮಾತ್ರ ಸರಿ.

ಆಯ್ಕೆಗೆ ಅಂಕಪಟ್ಟಿಯೊಂದನ್ನೇ ನೆಚ್ಚಬೇಡಿ. ಒಂದು ಚಿಕ್ಕ ಕೋಷ್ಟಕ ಕೊಟ್ಟು, 'ಇದರಲ್ಲಿ ವಿಚಿತ್ರ ಅನ್ನಿಸಿದ್ದೇನು? ಒಂದು ಪುಟ ಬರೆಯಿರಿ' ಎಂದರೆ ಸಾಕು. ಭಾಷೆಯ ತಪ್ಪನ್ನು ಎಣಿಸದೆ ಕುತೂಹಲವನ್ನು ನೋಡಿ.

ಓದು ಮತ್ತು ಪ್ರಶ್ನೆ

ಮೊದಲ 5 ವಾರ ಓದು, ವಾರಕ್ಕೆ ಒಂದೇ ಪ್ರಬಂಧ. ಮೊದಲ ಸಾಲಿನಿಂದ ಕೊನೆಯವರೆಗೆ ಓದಲು ಹೇಳಿದರೆ ಸಿದ್ಧಾಂತದ ಭಾಗದಲ್ಲೇ ಸುಸ್ತಾಗುತ್ತಾರೆ. ಸಾರಾಂಶ, ಕೋಷ್ಟಕಗಳು, ವಿಧಾನ, ಆಮೇಲೆ ಉಳಿದದ್ದು. ಈ ಕ್ರಮ ಹಿಡಿಸಿ.

ಮುಂದಿನ 6 ವಾರ ಪ್ರಶ್ನಾವಳಿಯ ಕೆಲಸ. ಹೊಸಬರ ಕೈಯಿಂದ ಸಾಮಾನ್ಯವಾಗಿ ಬರುವ ಪ್ರಶ್ನೆ ಹೀಗಿರುತ್ತದೆ: 'ಗ್ರಂಥಾಲಯ ಮತ್ತು ಕಂಪ್ಯೂಟರ್ ಕೊಠಡಿ ನಿಮಗೆ ಅನುಕೂಲವಾಗಿವೆಯೇ?' ಒಂದು ಅನುಕೂಲ, ಇನ್ನೊಂದು ಅಲ್ಲ ಎನ್ನುವವರು ಏನು ಹೇಳಬೇಕು? ಅದನ್ನು ಎರಡಾಗಿ ಒಡೆಯಬೇಕು. 'ಅನುಕೂಲ' ಎನ್ನುವುದೂ ಸಡಿಲ ಪದವೇ; 'ಕಳೆದ 7 ದಿನಗಳಲ್ಲಿ ಎಷ್ಟು ದಿನ ಗ್ರಂಥಾಲಯಕ್ಕೆ ಹೋಗಿದ್ದಿರಿ?' ಎಂದು ಕೇಳಿದರೆ ಎಣಿಸಬಹುದಾದ ಉತ್ತರ ಸಿಗುತ್ತದೆ. ಕರಡನ್ನು 10 ಜನರ ಮುಂದಿಟ್ಟು, ಪ್ರತಿ ಪ್ರಶ್ನೆಯನ್ನೂ ಅವರ ಮಾತಿನಲ್ಲೇ ತಿರುಗಿ ಹೇಳಿಸಿ. ಅವರು ಬೇರೆ ಏನನ್ನೋ ಹೇಳಿದರೆ ತಪ್ಪು ಪ್ರಶ್ನೆಯದ್ದು.

ಮುಂದಿನ 6 ವಾರ ಕ್ಷೇತ್ರಕಾರ್ಯ. ಅಧ್ಯಯನದಿಂದ ಭಾಗವಹಿಸುವವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ನೈತಿಕ ಸಮಿತಿಯ ಅನುಮತಿ ಅದಕ್ಕೂ ಮುಂಚೆಯೇ ಬೇಕು. ಅರ್ಜಿಯನ್ನು ವಿದ್ಯಾರ್ಥಿಗಳಿಂದಲೇ ಬರೆಸಿ. ಸಂದರ್ಶನದ ಲೆಕ್ಕ ಮೊದಲೇ ಹಾಕಿರಿ: 1 ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ಹೊಸಬರಿಗೆ 5–6 ಗಂಟೆ ಬೇಕಾಗುತ್ತದೆ. ತಲಾ 10 ಸಂದರ್ಶನ ಹಂಚಿದರೆ ಬೇರೇನಕ್ಕೂ ಸಮಯ ಉಳಿಯದು. ತಲಾ 3 ಸಾಕು.

ಎಡವುವ ಜಾಗ

ಹೆಚ್ಚು ಎಡವುವುದು ದತ್ತಾಂಶದ 7 ವಾರಗಳಲ್ಲಿ. ವಯಸ್ಸು ಹೇಳದವರಿಗೆ 99 ಎಂದು ನಮೂದಿಸುವ ರೂಢಿಯಿದೆ. 50 ಜನರಲ್ಲಿ 45 ಮಂದಿಯ ಸರಾಸರಿ ವಯಸ್ಸು 20, ಉಳಿದ 5 ಮಂದಿಗೆ 99 ಎಂದಿಟ್ಟುಕೊಳ್ಳಿ. ಅದನ್ನು ತೆಗೆಯಲು ಮರೆತರೆ ಸರಾಸರಿ 27.9 ಬರುತ್ತದೆ. 279 ಬಂದಿದ್ದರೆ ಯಾರಾದರೂ ಹಿಡಿಯುತ್ತಿದ್ದರು, 27.9 ನಂಬುವಂತಿದೆ, ಅದೇ ಅಪಾಯ. ಆದ್ದರಿಂದ ಸರಾಸರಿಗೆ ಮೊದಲು ಕನಿಷ್ಠ, ಗರಿಷ್ಠ ನೋಡುವ ಅಭ್ಯಾಸ ಮಾಡಿಸಿ. ಮೂಲ ಕಡತವನ್ನು ಯಾರೂ ಮುಟ್ಟಬಾರದು, ತಿದ್ದುಪಡಿ ಏನಿದ್ದರೂ ಪ್ರತಿಯಲ್ಲಿ. ತಂತ್ರಾಂಶ ಬೇಕೆಂದರೆ, ಅಂಕಿಅಂಶ ವಿಶ್ಲೇಷಣೆಗೆ ಉಚಿತವಾಗಿ ಸಿಗುವ 'ಆರ್' (R) ಸಾಕು. ಕೋರ್ಸು ಮುಗಿದ ಮೇಲೂ ಅದು ಕೈತಪ್ಪುವುದಿಲ್ಲ.

ಸಂದರ್ಶನಗಳ ಕೋಡಿಂಗ್ ಅನ್ನು, ಅಂದರೆ ಮಾತಿನ ಪ್ರತಿ ತುಣುಕಿಗೂ ಅದರ ವಿಷಯದ ಗುರುತು (ಕೋಡ್) ಹಾಕುವ ಕೆಲಸವನ್ನು, ಇಬ್ಬರು ಬೇರೆಬೇರೆಯಾಗಿ ಮಾಡಿ ಹೋಲಿಸಲಿ. 100 ತುಣುಕುಗಳಲ್ಲಿ 84ರಲ್ಲಿ ಒಮ್ಮತ ಬಂದರೆ ಖುಷಿಯಾಗುತ್ತದೆ. ಆದರೆ ಇಬ್ಬರೂ 90 ತುಣುಕುಗಳಿಗೆ 'ಹಣದ ಚಿಂತೆ' ಎಂದು ಗುರುತು ಹಾಕಿದ್ದರೆ, ಅದೇ ಪ್ರಮಾಣದಲ್ಲಿ ಕಣ್ಣುಮುಚ್ಚಿ ಹಾಕಿದರೂ 82ರಷ್ಟು ಹೊಂದುತ್ತಿದ್ದವು. ಹೀಗೆ ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ಒಮ್ಮತವನ್ನು ಅಳೆಯಲು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಸೂತ್ರದಲ್ಲಿ (ಪೂರ್ಣ ಒಮ್ಮತಕ್ಕೆ 1) ಇದು ಬರೀ 0.11. ಹೀಗಾದಾಗ ವಿದ್ಯಾರ್ಥಿಗಳನ್ನು ಬೈಯದೆ, ಕೋಡ್‌ನ ವ್ಯಾಖ್ಯೆಯನ್ನು ಬಿಗಿ ಮಾಡಿ.

ಈ ಎಲ್ಲ ವಾರಗಳಲ್ಲೂ ಮಾರ್ಗದರ್ಶಕರೊಂದಿಗೆ ಅರ್ಧ ಗಂಟೆಯ ಭೇಟಿ ತಪ್ಪಬಾರದು. ಹಿಂದಿನ ದಿನವೇ ವಿದ್ಯಾರ್ಥಿ ಮೂರು ಸಾಲು ಬರೆದು ಕಳಿಸಲಿ: ಏನಾಯಿತು, ಎಲ್ಲಿ ಸಿಕ್ಕಿಕೊಂಡೆ, ಮುಂದೇನು. 'ಏನಾದರೂ ಡೌಟ್ ಇದ್ದರೆ ಬನ್ನಿ' ಎಂದರೆ ಸಂಕೋಚದವರು ಬರುವುದೇ ಇಲ್ಲ.

ಕೊನೆಯ 6 ವಾರ

ವರದಿಯ ಜೊತೆಗೇ ಅರ್ಜಿಗಳ ಕೆಲಸ ನಡೆಯಬೇಕು. ಯಾರ ಹೆಸರು ಯಾವ ಕ್ರಮದಲ್ಲಿ ಪ್ರಕಟವಾಗಬೇಕು ಎಂಬುದನ್ನು ಮೊದಲ ವಾರವೇ ಬರೆದಿಟ್ಟಿದ್ದರೆ ಈಗ ಮನಸ್ತಾಪವಿರದು. ಸಂಶೋಧನಾ ಸಹಾಯಕ, ಸಮೀಕ್ಷಾ ಮೇಲ್ವಿಚಾರಕ, ದತ್ತಾಂಶ ವಿಶ್ಲೇಷಕ ಹುದ್ದೆಗಳ ನಿಜವಾದ ಜಾಹೀರಾತುಗಳನ್ನು ಎದುರಿಗಿಟ್ಟು ಸ್ವವಿವರ ಬರೆಸಿ. 'ಸಂಶೋಧನೆಯಲ್ಲಿ ಪಾಲ್ಗೊಂಡೆ' ಎಂದು ಬರೆದರೆ ಯಾರಿಗೂ ಏನೂ ತಿಳಿಯದು. '3 ಸಂದರ್ಶನ ನಡೆಸಿ ಅಕ್ಷರಕ್ಕಿಳಿಸಿದೆ, 50 ಜನರ ದತ್ತಾಂಶವನ್ನು ಆರ್‌ನಲ್ಲಿ ಶುದ್ಧಗೊಳಿಸಿದೆ' ಎನ್ನಲಿ. ಶಿಫಾರಸು ಪತ್ರವನ್ನು ಕೊನೆಯ ದಿನಾಂಕಕ್ಕೆ ಕನಿಷ್ಠ 3 ವಾರ ಮೊದಲು, ಸ್ವವಿವರ ಮತ್ತು ವರದಿಯ ಪ್ರತಿ ಲಗತ್ತಿಸಿ ಕೇಳಬೇಕೆಂದು ಬಾಯಿಬಿಟ್ಟು ಹೇಳಿಕೊಡಿ. ಅರ್ಜಿ ಶುಲ್ಕ ಹೊರೆಯಾದರೆ ವಿನಾಯಿತಿ ಇದೆಯೇ ಎಂದು ಕೇಳುವ ಎರಡು ಸಾಲಿನ ಪತ್ರವನ್ನೂ ಅಲ್ಲೇ ಕೂರಿಸಿ ಬರೆಸಿ, ಅಲ್ಲಿಂದಲೇ ಕಳುಹಿಸಿಬಿಡಿ.