ನೆತ್ತಿಯ ಮೇಲಿನ ಇಸವಿ ಸುಳ್ಳು ಹೇಳಿತ್ತು: ಪೇಟೆಯ ಹಳೇ ಕಟ್ಟಡದ ವಯಸ್ಸು ಹುಡುಕಿದ ನನ್ನ ಅನುಭವ

ಕಟ್ಟಡದ ನೆತ್ತಿಯ ಮೇಲೆ 1911 ಎಂದು ದೊಡ್ಡದಾಗಿ ಕೆತ್ತಿದೆ. ಪೇಟೆಯ ನಡುವಿನ ಮೂರಂತಸ್ತಿನ ಕಟ್ಟಡ, ಕೆಳಗೆ ಅಂಗಡಿ, ಮೇಲೆ ಕಚೇರಿಗಳು. ಹಿಂಭಾಗ ಅದಕ್ಕಿಂತ ಹಳೆಯದು ಎಂದು ನಾನು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಬಣ್ಣದ ಪದರ ಎಣಿಸಿ ವಯಸ್ಸು ಹೇಳ್ತೀಯಾ?" ಎಂದರು ಒಬ್ಬರು. ನಾಲ್ಕು ವರ್ಷ ಹಿಡಿಯಿತು. ಈಗ ಅವರೂ ಒಪ್ಪಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತದ್ದು ಡೈರೆಕ್ಟರಿಗಳಲ್ಲಿ. ಕಟ್ಟಡದ ನಂಬರ್ ಹಿಡಿದು ಹಳೇ ವ್ಯಾಪಾರ ಡೈರೆಕ್ಟರಿಗಳಲ್ಲಿ, ಅಂದರೆ ಯಾವ ನಂಬರಿನಲ್ಲಿ ಯಾವ ಅಂಗಡಿ ಎಂದು ಬರೆದ ಪಟ್ಟಿಗಳಲ್ಲಿ, ಹಿಂದಕ್ಕೆ ಹೋದೆ. ಟೋಪಿ ಅಂಗಡಿ, ಔಷಧಿ ಅಂಗಡಿ, ಹೊಲಿಗೆ ಯಂತ್ರದ ಏಜೆಂಟ್, ಎಲ್ಲ ಸಿಕ್ಕರು. ಎರಡು ತಿಂಗಳ ಸಂಜೆಗಳು ಅದಕ್ಕೇ ಹೋದವು. ಆಮೇಲೆ ಗೊತ್ತಾಯಿತು, ನಡುವೆ ಯಾವಾಗಲೋ ಬೀದಿಯ ನಂಬರುಗಳೇ ಪೂರ್ತಿ ಬದಲಾಗಿದ್ದವು. ನಾನು ಬರೆದಿಟ್ಟದ್ದು ಎದುರು ಸಾಲಿನ ಕಟ್ಟಡದ ಚರಿತ್ರೆ. ಈಗ ನಂಬರ್ ನಂಬುವುದಿಲ್ಲ. ಮೂಲೆಯ ಅಂಗಡಿಯನ್ನು ಗಟ್ಟಿ ಮಾಡಿಕೊಂಡು ಅಲ್ಲಿಂದ ಬಾಗಿಲು ಬಾಗಿಲು ಎಣಿಸುತ್ತೇನೆ. ಅಮೆರಿಕದಲ್ಲಿ ಬೆಂಕಿ ವಿಮೆಯವರಿಗಾಗಿ ಒಂದೊಂದು ಕಟ್ಟಡವನ್ನೂ ಬರೆದ ಸ್ಯಾನ್‌ಬಾರ್ನ್ ನಕ್ಷೆಗಳಿವೆ, ಗುಲಾಬಿ ಬಣ್ಣ ಅಂದರೆ ಇಟ್ಟಿಗೆ, ಹಳದಿ ಅಂದರೆ ಮರ ಎಂದು ಕೂತಲ್ಲೇ ಓದಬಹುದು. ನನ್ನ ಬೀದಿಗೆ ಅಂಥದ್ದೇನೂ ಸಿಗಲಿಲ್ಲ.

ಎರಡನೇ ಸೋಲು ಮೊಳೆಯದ್ದು. ಹಿಂದಿನ ಕೋಣೆಯ ನೆಲದ ಹಲಗೆಯಿಂದ ಚಪ್ಪಟೆ ಕಟ್ ಮೊಳೆಗಳು, ಅಂದರೆ ಕಬ್ಬಿಣದ ತಗಡಿನಿಂದ ಕತ್ತರಿಸಿ ಮಾಡಿದವು, ಬಂದವು. 1890ರ ದಶಕದಲ್ಲಿ ಈಗಿನ ದುಂಡನೆಯ ತಂತಿ ಮೊಳೆ ಎಲ್ಲೆಡೆ ಬಂತು, ಹಾಗಾಗಿ ಇದು ಅದಕ್ಕೂ ಹಿಂದಿನದು ಎಂದು ಎದೆ ತಟ್ಟಿ ಹೇಳಿದೆ. ಒಬ್ಬ ಬಡಗಿ ಒಂದೇ ಮಾತಿನಲ್ಲಿ ಅದನ್ನು ಮುರಿದ. ನೆಲಕ್ಕೆ ಕಟ್ ಮೊಳೆ ಹೊಡೆಯುವುದು ಆಮೇಲೂ ನಿಂತಿಲ್ಲ, ಈಗಲೂ ಹೊಡೆಯುತ್ತಾರೆ. ಅವನ ಮಾತು ನಿಜ. ಮೊಳೆ ನೋಡುವುದಾದರೆ ಗೋಡೆಯ ಪಟ್ಟಿ, ಚಾವಣಿಯ ತೊಲೆ ನೋಡಬೇಕು. ಅಲ್ಲೂ ಹಳೇ ಮರವನ್ನು ಮತ್ತೆ ಬಳಸಿರಬಹುದು.

ಮೂರನೆಯದು ಹಣದ ಪೆಟ್ಟು. ಬಣ್ಣದ ಚೂರುಗಳನ್ನು ಒಂದು ಪ್ರಯೋಗಾಲಯಕ್ಕೆ ಕಳಿಸಿದೆ. ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ ಹೋಯಿತು. ಬಂದದ್ದು ಎರಡು ಪುಟ: ಸೀಸ ಇದೆ, ಸತು ಇದೆ. ಅಷ್ಟು ನನಗೂ ಗೊತ್ತಿತ್ತು, ಅಲ್ವಾ? ಪದರಗಳ ಕ್ರಮವನ್ನೇ ಅವರು ನೋಡಿರಲಿಲ್ಲ. ಅವತ್ತೇ ಇದನ್ನು ನಾನೇ ಮಾಡುತ್ತೇನೆ ಎಂದು ತೀರ್ಮಾನಿಸಿದೆ. ಹಳೇ ಸೂಕ್ಷ್ಮದರ್ಶಕ, ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಅಂಟು), ಉಜ್ಜುವ ಕಾಗದ, ಎಲ್ಲ ಸೇರಿ ಆ ಬಿಲ್ಲಿನ ಕಾಲು ಭಾಗವೂ ಆಗಲಿಲ್ಲ.

ಕೆಲಸ ಇಷ್ಟೇ: ಬಣ್ಣದ ಚೂರನ್ನು ರೆಸಿನ್‌ನಲ್ಲಿ ಕೂರಿಸಿ, ಅಡ್ಡ ಕೊಯ್ದು, ಉಜ್ಜಿ, ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಾನು ಕೆಡಿಸಿದ ಚೂರುಗಳು ಮೂವತ್ತಕ್ಕಿಂತ ಜಾಸ್ತಿ. ತೀರಾ ಕೆಳಗಿನ, ಅಂದರೆ ಮೊದಲು ಬಳಿದ ಪದರ ಮರಕ್ಕೇ ಅಂಟಿಕೊಂಡು ಉಳಿದುಬಿಡುತ್ತಿತ್ತು, ಬೇಕಾದದ್ದೇ ಅದು. ಅದನ್ನು ಮರದ ಸಮೇತ ಬಿಡಿಸುವುದಕ್ಕೆ ಒಂದು ಕೈಚಳಕ ಕಂಡುಕೊಂಡಿದ್ದೇನೆ. ಅದನ್ನು ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಸೀಸದ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿಕೊಂಡೇ ಉಜ್ಜಿ.

ಮುಂದಿನ ಅಂಗಡಿಯ ಬಾಗಿಲ ಚೌಕಟ್ಟಿನಲ್ಲಿ ಒಂಬತ್ತು ಪದರ ಸಿಕ್ಕವು. ಹಿಂದಿನ ಕೋಣೆಯ ಚೌಕಟ್ಟಿನಲ್ಲಿ ಹದಿನಾಲ್ಕು. ಹಿಂದೆ ಜಾಸ್ತಿ ಸಲ ಬಳಿದಿರಬಹುದು ಎಂದರು ಜೊತೆಯವರು. ಬರೀ ಎಣಿಕೆಯಾಗಿದ್ದರೆ ಅವರ ಮಾತು ಸರಿ. ಆದರೆ ಮುಂದಿನ ಚೌಕಟ್ಟಿನ ಮೊಟ್ಟಮೊದಲ ಪದರ ಕಡು ಕಂದು, ಅದರ ಮೇಲೆ ವಾರ್ನಿಷ್. ಅದೇ ಕಂದು, ಅದೇ ವಾರ್ನಿಷ್ ಹಿಂದಿನ ಕೋಣೆಯಲ್ಲಿ ಕೆಳಗಿನಿಂದ ಆರನೇ ಪದರ. ಅಲ್ಲಿಂದ ಮೇಲಕ್ಕೆ ಎರಡೂ ಕಡೆ ಸಾಲು ಒಂದೇ. ಅಂದರೆ ಮುಂಭಾಗ ಕಟ್ಟಿದ ದಿನ ಹಿಂದಿನ ಕೋಣೆಗೆ ಆಗಲೇ ಐದು ಬಣ್ಣ ಆಗಿತ್ತು! ಐದನೆಯದರ ಮೇಲೆ ದಪ್ಪ ಕೊಳೆಯ ಗೆರೆಯೂ ಇತ್ತು, ಬಹಳ ಕಾಲ ಬಣ್ಣ ಬಳಿಯದೆ ಬಿಟ್ಟಿದ್ದರ ಗುರುತು. ಅಂಗಡಿಗೆ ನಾಲ್ಕೈದು ವರ್ಷಕ್ಕೊಮ್ಮೆ ಬಣ್ಣ ಎಂದು ಹಿಡಿದರೆ, 1911ಕ್ಕಿಂತ ಇಪ್ಪತ್ತು ಇಪ್ಪತ್ತೈದು ವರ್ಷ ಹಿಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಗೋಡೆಯೂ ಅದನ್ನೇ ಹೇಳಿತು. ಮಹಡಿಯ ಒಂದು ಕಪಾಟಿನ ಹಿಂದೆ ಗಾರೆ ಉದುರಿದ ಜಾಗವಿತ್ತು. ಅಲ್ಲಿ ಮುಂಭಾಗದ ಇಟ್ಟಿಗೆ ಪಕ್ಕದ ಗೋಡೆಯ ಇಟ್ಟಿಗೆಯೊಳಗೆ ಹೆಣೆದುಕೊಂಡಿರಲಿಲ್ಲ. ನೆಟ್ಟಗೆ ಒಂದು ಸೀಳು, ಮೇಲಿಂದ ಕೆಳಗೆ. ಒಟ್ಟಿಗೆ ಕಟ್ಟಿದ ಗೋಡೆಗಳು ಹಾಗೆ ಇರುವುದಿಲ್ಲ.

ಕಾಗದದ ಸಾಕ್ಷಿ ಬಂದದ್ದು ಕೊನೆಗೆ, ತೆರಿಗೆ ಪುಸ್ತಕದಲ್ಲಿ. ಮಾಲೀಕರ ಹೆಸರು ಹಿಡಿದು ಹುಡುಕಿದೆ, ನಂಬರ್ ಹಿಡಿದಲ್ಲ. 1886ರ ಸಾಲಿನಲ್ಲಿ, ನನ್ನ ನೆನಪು ಸರಿಯಿದ್ದರೆ, ಖಾಲಿ ಜಾಗದ ಬದಲು ಮೊದಲ ಸಲ ಕಟ್ಟಡ ಎಂದು ಬರೆದಿದ್ದರು. 1911ರ ಹೊತ್ತಿಗೆ ಬೆಲೆ ಒಂದೇ ಸಲಕ್ಕೆ ಮೂರು ಪಟ್ಟು ಏರಿತ್ತು. ಹೊಸ ಮುಖ ಬಂದದ್ದು ಆಗಲೇ. ನೆತ್ತಿಯ ಇಸವಿ ಮುಖದ್ದು, ಮೈಯದ್ದಲ್ಲ.

ನಡುನಡುವೆ ಸುಮ್ನೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಪಕ್ಕದ ಗೋಡೆಯಲ್ಲಿ ಮಾಸಿದ ಜಾಹೀರಾತು ಇತ್ತು, ಹಗಲು ಏನೂ ಕಾಣುತ್ತಿರಲಿಲ್ಲ. ರಾತ್ರಿ ಟಾರ್ಚನ್ನು ಗೋಡೆಗೆ ಒತ್ತಿ ಓರೆಯಾಗಿ ಬೆಳಕು ಬಿಟ್ಟಾಗ ಆರು ಅಕ್ಷರ ಎದ್ದು ಬಂದವು. ನೀರು ಚಿಮುಕಿಸಿದಾಗ ಇನ್ನೂ ಎರಡು. ಸೀಸದ ಬಣ್ಣ ಇಟ್ಟಿಗೆಯನ್ನು ಸವೆಯದಂತೆ ಕಾದಿತ್ತು, ಅದಕ್ಕೇ ಅಕ್ಷರಗಳು ಕೂದಲೆಳೆಯಷ್ಟು ಉಬ್ಬಿ ನಿಂತಿದ್ದವು. ನೇರಳಾತೀತ ಟಾರ್ಚೂ ಕೊಂಡೆ. ಅದರ ಬೆಳಕಿನಲ್ಲಿ ಸತುವಿನಿಂದ ಮಾಡಿದ ಬಿಳಿ ಬಣ್ಣ ಹಳದಿ ಹಸಿರಾಗಿ ಹೊಳೆಯುತ್ತದೆ, ಟೈಟಾನಿಯಂನಿಂದ ಮಾಡಿದ ಬಿಳಿ ಕಪ್ಪಾಗಿ ಕೂರುತ್ತದೆ. ಟೈಟಾನಿಯಂ ಬಿಳಿ 1920ರ ಆಸುಪಾಸಿನಿಂದ ಈಚೆಗೆ ಮಾರಾಟಕ್ಕೆ ಬಂದದ್ದು. ಹಾಗಾಗಿ ಮೇಲಿನ ಪದರಗಳನ್ನು ಬೇರ್ಪಡಿಸಲು ಅದು ಚೆನ್ನಾಗಿ ಕೆಲಸಕ್ಕೆ ಬಂತು. ಕೊಟ್ಟ ಹಣಕ್ಕೆ ಮೋಸವಿಲ್ಲ.

ಮಾಲೀಕರು ಈಗ ಬಾಗಿಲ ಬಳಿ ಎರಡು ಇಸವಿಗಳ ಫಲಕ ಹಾಕಿಸಿದ್ದಾರೆ. ನಾನು ಮಹಡಿ ಮೆಟ್ಟಿಲಿನ ಕಟಕಟೆಗೆ ಕೈ ಹಾಕಿದ್ದೇನೆ. ಇದುವರೆಗೆ ಎಣಿಸಿದ್ದು ಹದಿನೇಳು ಪದರ, ಮರ ಇನ್ನೂ ಕಂಡಿಲ್ಲ.